ಹದ್ದಿನ ಹೊರಗೆ

ಕುಲಗೋಡ, ತಾ. ಗೋಕಾಕ
೧೨ ನವೆಂಬರ್ ೧೯೪೪

ಚಿರಂಜೀವಿ ಅಣ್ಣಪ್ಪನಿಗೆ ನಿನ್ನ ಅಪ್ಪ ವೀರಪ್ಪಗೌಡನ ಆಶೀರ್ವಾದ.

ನೀನು ಹೋಗಿ ಇಪ್ಪತ್ತು ದಿನವಾಯಿತು. ಮುಟ್ಟಿದ ಕಾಗದ ಬಂದಿಲ್ಲ. ಗೋಕಾಕ ರೋಡ ಸ್ಟೇಶನ್ನಿನಲ್ಲಿ ನೀನು ಮಿರಜ ಗಾಡಿ ಹತ್ತಿದ್ದನ್ನು ನಮ್ಮ ಚಾವಡಿಯ ವಾಲೀಕಾರ ಉದ್ದಪ್ಪ ನೋಡಿ ಬಂದು ಹೇಳಿದ. ಹತ್ತಿದ್ದು ನಿಜ ಎಂದು ಇಟ್ಟುಕೊಂಡಿದ್ದೇನೆ. ಇಳಿದದ್ದನ್ನು ನೀನೇ ತಿಳಿಸಬೇಕು.

ಇಲ್ಲಿ ಎಲ್ಲರೂ ಇದ್ದಂತೆ ಇದ್ದೇವೆ. ಬಿಳಿಜೋಳ ಮೊಣಕಾಲುಮಟ್ಟ ಬಂದಿದೆ.

ನಿನ್ನ ಅಣ್ಣ ಅಪ್ಪಣ್ಣನ ಪಲ್ಟಣಿನಿಂದ ಎರಡನೆಯ ಕಾಗದ ಬಂತು. ಸಾಲಿ ಮಾಸ್ತರರಿಂದ ಓದಿಸಿದೆ. ಮೊದಲನೆಯದರಲ್ಲಿ ‘ಪತ್ತೆಯಿಲ್ಲ’ ಎಂದಿತ್ತಲ್ಲ, ಇದರಲ್ಲಿ ‘ಮೇ ೧೩ರಂದು ಇಟಲಿಯಲ್ಲಿ ಮೃತನಾದನೆಂದು ತಿಳಿಯಲಾಗಿದೆ’ ಎಂದಿದೆ. ಮಾಸ್ತರರು ಎರಡು ಸಲ ಓದಿದರು. ಎರಡು ಸಲವೂ ಅದೇ ಇತ್ತು.

ನಿನ್ನ ಅವ್ವ ಕೇಳಿದಳು, “ಬುಕ್ಕಿನ್ಯಾಗ ಬರೀತೀರೇನ್ರಿ?” ಊರ ಹುಟ್ಟು-ಸಾವಿನ ಬುಕ್ಕಿನಲ್ಲಿ ಊರ ಹದ್ದಿನೊಳಗೆ ಸತ್ತವರನ್ನು ಮಾತ್ರ ಬರೆಯಬೇಕು, ಅದು ಕಾಯದೆ. ಹದ್ದಿನ ಕಲ್ಲು ದಾಟಿ ಸತ್ತವರು ಆ ಕಡೆಯ ಊರಿನವರ ಬುಕ್ಕಿಗೆ ಸೇರಿದವರು. ಇಪ್ಪತ್ತಾರು ವರ್ಷದಿಂದ ಈ ಊರ ಗೌಡಕಿ ಮಾಡುತ್ತಿದ್ದೇನೆ. ಬುಕ್ಕಿನಲ್ಲಿ ಬರೆದ ಒಂದು ನೋಂದೂ ತಪ್ಪಿಲ್ಲ. ಅವಳಿಗೆ ಇಷ್ಟನ್ನೇ ಹೇಳಿದೆ.

ನಿನ್ನ ವೈನಿ ಬಾಳವ್ವನ ಅಣ್ಣ ಯಲ್ಲಪ್ಪ ಕಣಗಲಾದಿಂದ ಬಂದಿದ್ದ. ಊಟಕ್ಕೆ ಎಬ್ಬಿಸಿದರೂ ಏಳದೆ ಕೂತಿದ್ದ. ಕೊನೆಗೆ, “ಗೌಡ್ರ, ನಮ್ಮ ತಂಗಿ ಮುತ್ತೈದಿನೋ ಅಲ್ಲೋ, ಅದೊಂದ ಹೇಳ್ರಿ. ಅಲ್ಲಂದ್ರ ಉಡಿಕಿ ಮಾಡಿ ಇನ್ನೊಂದ ಮನಿಗಿ ಕೊಡ್ತೀವಿ. ಸಂಕೇಶ್ವರದಾಗ ಒಂದ ಮನಿತನ ಐತಿ. ಆದ್ರ ಅವ್ರು ಗೌಡ್ರ ಸಹಿ ಇದ್ದ ಸಾವಿನ ನಕಲ ಬೇಕಂತಾರ. ನಾಳಿ ಗಂಡ ಬಂದು ಬಾಗಿಲದಾಗ ನಿಂತ್ರ ಏನ ಮಾಡೂದು ಅಂತಾರ,” ಅಂದ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಬುಕ್ಕಿನಲ್ಲಿ ಇಲ್ಲದ್ದರ ನಕಲು ಎಲ್ಲಿಂದ ಕೊಡಲಿ ಎಂದೆ. ಅವನು ನೀರು ಕುಡಿದು ಹೋದ.

ಅಲ್ಲಿ ನಿನಗೆ ಯಾವ ಕೆಲಸ ಕೊಟ್ಟಿದ್ದಾರೆ, ಬರೆ.

ನಿನ್ನ ಅಪ್ಪ
ವೀರಪ್ಪಗೌಡ


ವಳಿವಡೆ, ಕೊಲ್ಲಾಪುರ ಸಂಸ್ಥಾನ
೩ ಡಿಸೆಂಬರ್ ೧೯೪೪

ಅಪ್ಪನವರ ಪಾದಕ್ಕೆ ಅಣ್ಣಪ್ಪನ ಶರಣು.

ಮುಟ್ಟಿದ್ದೇನೆ. ತಡವಾಗಿ ಬರೆದದ್ದು ನನ್ನ ತಪ್ಪು.

ಇಲ್ಲಿ ಸ್ಟೇಶನ್ನಿನ ಬಾಜೂಕೆ ಸಾಲು ಸಾಲು ಉದ್ದನೆಯ ಮನೆಗಳು. ಅದರಲ್ಲಿ ಪೋಲೆಂಡ್ ಎಂಬ ದೇಶದ ಸಾವಿರಾರು ಮಂದಿ, ಬಹಳಷ್ಟು ಹೆಂಗಸರು, ಮಕ್ಕಳು, ಮುದುಕರು. ರಶಿಯಾದವರು ಇವರನ್ನು ಊರಿನಿಂದ ಎಬ್ಬಿಸಿ ಹಿಮದ ಸೀಮೆಗೆ ಒಯ್ದಿದ್ದರಂತೆ. ಅಲ್ಲಿಂದ ಇರಾಣ ಸುತ್ತಿ ಇಲ್ಲಿಗೆ ಬಂದಿದ್ದಾರೆ. ಗಂಡಸರು ಫೌಜಿನಲ್ಲಿದ್ದಾರೆ. ನನ್ನ ಕೆಲಸ ಕುಟುಂಬದ ಕಾರ್ಡು ಬರೆಯುವುದು. ಹೆಸರು, ವಯಸ್ಸು, ಮೂಲ ಊರು. ಇಂಗ್ಲಿಷ್ ಬಲ್ಲವರು ಹೇಳುತ್ತಾರೆ, ನಾನು ಬರೆಯುತ್ತೇನೆ.

ಇವರಲ್ಲಿ ಹೆಂಗಸರನ್ನು ಗೌರವದಿಂದ ‘ಪಾನಿ’ ಅನ್ನುತ್ತಾರೆ, ನಾವು ‘ಬಾಯಿ’ ಅಂದಂತೆ. ಮೊದಲ ದಿನ ಯಾರೋ “ಪಾನಿ, ಪಾನಿ” ಎಂದು ಕೂಗಿದರು. ನೀರಿನವ ಕೊಡ ಹೊತ್ತು ಓಡಿ ಬಂದು ಒಬ್ಬ ದಪ್ಪ ಬಾಯಿಯ ಮುಂದೆ ನಿಂತ. ಅವಳು ತಾನೇ ಪಾನಿ ಎಂದು ಎದೆ ಮುಟ್ಟಿಕೊಂಡು ತೋರಿಸಿದಳು. ಅವನು ಕೊಡ ಮುಟ್ಟಿ ತೋರಿಸಿದ. ನಕ್ಕಿದ್ದು ಅದೊಂದೇ ಸಲ, ಅದಕ್ಕೇ ಬರೆದಿದ್ದೇನೆ.

ಇವರ ವ್ಯವಸ್ಥೆ ಚೊಕ್ಕ. ವಸತಿಯನ್ನು ಭಾಗ ಮಾಡಿಕೊಂಡು ತಮ್ಮತಮ್ಮಲ್ಲಿ ಹಿರಿಯರನ್ನು ಆರಿಸಿಕೊಂಡಿದ್ದಾರೆ. ಇವರ ಮೊಹರಿನ ನಡುವೆ ಒಂದು ಬಿಳಿ ಹದ್ದು ಇದೆ. ದೇಶ ಹೋದರೂ ಹದ್ದು ಬಿಡುವುದಿಲ್ಲವಂತೆ, ಹೋದಲ್ಲೆಲ್ಲ ತೆಗೆದುಕೊಂಡು ಹೋಗುತ್ತಾರೆ.

ಪಲ್ಟಣಿನ ಕಾಗದದ ಸುದ್ದಿ ಓದಿದೆ. ಓದಿ ಕಾರ್ಡು ಬರೆಯಲು ಕೂತೆ. ಸಂಜೆಯವರೆಗೆ ನಲವತ್ತು ಕಾರ್ಡು ಬರೆದೆ. ಏನೂ ಅನ್ನಿಸಲಿಲ್ಲ. ಏನೂ ಅನ್ನಿಸದ್ದಕ್ಕೆ ನನಗೆ ಹೆದರಿಕೆಯಾಯಿತು.

ಅವ್ವನಿಗೂ ವೈನಿಗೂ ನನ್ನ ಶರಣು ಹೇಳಿರಿ.

ನಿಮ್ಮ ಮಗ
ಅಣ್ಣಪ್ಪ


ಕುಲಗೋಡ
೨೧ ಡಿಸೆಂಬರ್ ೧೯೪೪

ಚಿ. ಅಣ್ಣಪ್ಪನಿಗೆ ಆಶೀರ್ವಾದ.

ಕಾಗದ ಮುಟ್ಟಿತು. ಒಂದು ಮಾತು ತಿಳಿಯಲಿಲ್ಲ. ಮೊಹರಿನಲ್ಲಿ ಹದ್ದು ಹೇಗೆ ಇರುತ್ತದೆ? ಹದ್ದು ಇರುವುದು ನಕಾಶೆಯಲ್ಲಿ, ಇಲ್ಲವೇ ನೆಲದ ಮೇಲೆ ಕಲ್ಲಾಗಿ. ಬಿಳಿ ಹದ್ದು ಎಂದರೆ ಸುಣ್ಣ ಹಚ್ಚಿದ ಕಲ್ಲೇ? ಊರು ಬಿಟ್ಟವರು ಊರಿನ ಹದ್ದನ್ನು ತೆಗೆದುಕೊಂಡು ಹೋಗುವುದು ಯಾವ ಕಾಯದೆಯಲ್ಲಿದೆ? ಚಾವಡಿಯಲ್ಲಿ ಈ ಮಾತು ತೆಗೆದೆ. ಉದ್ದಪ್ಪ, “ಗಟ್ಟಿ ಮಂದಿ ಇರ್ಬೇಕ್ರಿ ಗೌಡ್ರ, ಹದ್ದಿನ ಕಲ್ಲ ಹೆಗಲ ಮ್ಯಾಲ ಹೊತ್ಕೊಂಡ ತಿರಗ್ತಾರಂದ್ರ,” ಅಂದ.

ಹದ್ದಿನ ವಿಷಯ ನಿನಗೆ ಗೊತ್ತಿರಬೇಕು, ಮುಂದೆ ಈ ಗೌಡಕಿ ನಿನಗೇ ಬರುವುದು. ನಾನು ಬುಕ್ಕು ಹಿಡಿದದ್ದು ೧೯೧೮ರಲ್ಲಿ, ಜ್ವರದ ವರ್ಷ. ಮೊದಲ ವಾರದಲ್ಲೇ ನಮ್ಮ ಮೂಡಣ ಹದ್ದಿನ ಕಲ್ಲಿನ ಹತ್ತಿರ ಒಬ್ಬ ದಾರಿಹೋಕ ಹೆಂಗಸು ಸತ್ತು ಬಿದ್ದಿದ್ದಳು. ಯಾರವಳೋ ತಿಳಿಯದು. ಆಚೆ ಊರಿನ ಗೌಡ ನಮ್ಮದಲ್ಲ ಎಂದ. ನಾನು ಅಳತೆ ಪಟ್ಟಿ ತರಿಸಿದೆ. ಕಾಲು ಆ ಕಡೆ ಇದ್ದವು, ತಲೆ ಮಾತ್ರ ನಮ್ಮ ಕಡೆ ಮೂರು ಗೇಣು ಬಂದಿತ್ತು. ತಲೆ ಇದ್ದವರ ಬುಕ್ಕು ಎಂದು ನಾನೇ ತೀರ್ಮಾನ ಮಾಡಿದೆ. ‘ಅನಾಮಿಕ ಹೆಂಗಸು, ವಯಸ್ಸು ಸುಮಾರು ಮೂವತ್ತು, ಕಾರಣ ಜ್ವರ’ ಎಂದು ಬರೆದು, ನಮ್ಮ ಹೊಲದಲ್ಲೇ ಮಣ್ಣು ಕೊಡಿಸಿದೆ. ಮಾಮಲೇದಾರರು ಬುಕ್ಕು ತಪಾಸಣೆಗೆ ಬಂದಾಗ ಆ ನೋಂದು ನೋಡಿ ಶಹಬಾಸ್ ಅಂದಿದ್ದರು. ಇವತ್ತಿಗೂ ಯಾರಾದರೂ ಬಂದರೆ ನಾನು ಮೊದಲು ತೆಗೆದು ತೋರಿಸುವುದು ಆ ಪುಟವನ್ನೇ. ನಾನು ಕೊಟ್ಟ ನಕಲುಗಳ ಕೆಳಗೆಲ್ಲ ‘ಖರೆ ನಕಲು’ ಎಂದು ಬರೆದು ಸಹಿ ಮಾಡಿದ್ದೇನೆ. ಒಂದೂ ಸುಳ್ಳಲ್ಲ.

ಅಪ್ಪಣ್ಣನ ವಿಷಯ. ಪಲ್ಟಣಿನ ಕಾಗದದಲ್ಲಿ ‘ಇಟಲಿ’ ಎಂದಷ್ಟೇ ಇದೆ. ಇಟಲಿ ಊರಲ್ಲ. ಯಾವ ಊರು, ಯಾವ ತಾಲೂಕು, ಯಾವ ಜಿಲ್ಲೆ? ಜಾಗದ ಹೆಸರು ಇಲ್ಲದೆ ಸಾವು ಆಗುವುದಿಲ್ಲ. ನೀನು ಹೊರದೇಶದ ಊರುಗಳನ್ನೇ ಬರೆಯುವ ಕೆಲಸದಲ್ಲಿದ್ದೀಯ, ಕೇಳಿ ನೋಡು.

ನಿನ್ನ ಅವ್ವ ಆರಾಮ ಇದ್ದಾಳೆ. ಮಾತು ಕಡಿಮೆ ಮಾಡಿದ್ದಾಳೆ.

ವೀರಪ್ಪಗೌಡ


ವಳಿವಡೆ
೧೪ ಜನವರಿ ೧೯೪೫

ಅಪ್ಪನವರಿಗೆ ಶರಣು.

ನಾನು ಬರೆದದ್ದು ಆಕಾಶದಲ್ಲಿ ಹಾರುವ ಹದ್ದು! ಕೋಳಿಮರಿ ಒಯ್ಯುವ ಹದ್ದು. ಇವರ ರಾಜಚಿಹ್ನೆ ಅದು. ನಿಮ್ಮ ಪತ್ರವನ್ನು ಕಾರ್ಡಿನ ಕೆಲಸ ಮಾಡುವ ಪಾನಿ ಯಾನಿನಾ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಭಾಷೆಯಲ್ಲಿ ಈ ಪಕ್ಷಿಗೂ ಊರಿನ ಗಡಿಗೂ ಒಂದೇ ಹೆಸರು ಎಂದೆ. ಅವರು ನಗಲಿಲ್ಲ. “ನಿಮ್ಮ ಭಾಷೆಗೆ ನಮ್ಮ ಸಂಗತಿ ಗೊತ್ತಿದೆ,” ಅಂದರು.

ಪಾನಿ ಯಾನಿನಾ ನಲವತ್ತರ ಆಸುಪಾಸಿನವರು. ಅವರಿಂದ ನಾನು ಬೈಸಿಕೊಂಡದ್ದನ್ನೂ ಹೇಳಬೇಕು. ಪೋಲೆಂಡಿನ ಊರನ್ನು ನಾಲ್ಕು ಸಾಲಿನಲ್ಲಿ ಬರೆಯಬೇಕು. ಮೊದಲು ಹಳ್ಳಿ. ನಾಲ್ಕಾರು ಹಳ್ಳಿ ಸೇರಿದರೆ ‘ಗ್ಮೀನಾ’. ನಮ್ಮಲ್ಲಿ ಅಂಥದ್ದಿಲ್ಲ. ಹಳ್ಳಿಗಳವರು ಕೂಡಿ ಪಂಚರನ್ನು ಆರಿಸಿ, ರಸ್ತೆ, ಸಾಲಿ, ಸಂತೆ ತಾವೇ ನೋಡಿಕೊಳ್ಳುವ ವ್ಯವಸ್ಥೆ. ಅದರ ಮೇಲೆ ‘ಪೊವ್ಯಾತ್’, ಅದು ನಮ್ಮ ತಾಲೂಕು. ಅಲ್ಲಿ ಮಾಮಲೇದಾರನಂಥ ಒಬ್ಬ ಅಧಿಕಾರಿ. ಅದರ ಮೇಲಿನದು ನಮ್ಮ ಜಿಲ್ಲೆಯಂತೆ, ಹೆಸರು ‘ವೊಯೆವುದ್ಸ್ತ್ವೊ’. ಇದನ್ನು ಹೇಳಲು ನನಗೆ ಒಂದು ವಾರ ಬೇಕಾಯಿತು. ಇವರು ಮೊದಲು ಹಳ್ಳಿ ಹೇಳಿ ಆಮೇಲೆ ಗ್ಮೀನಾ ಹೇಳುತ್ತಿದ್ದರು. ಗೋಕಾಕ ಅಂದರೆ ಊರೂ ಹೌದು, ತಾಲೂಕೂ ಹೌದಲ್ಲ, ಹಾಗೇ ಇರಬೇಕೆಂದು ನಾನು ದೊಡ್ಡ ಹೆಸರನ್ನೇ ಹಳ್ಳಿಯ ಸಾಲಿನಲ್ಲೂ ಬರೆದುಬಿಟ್ಟಿದ್ದೆ. ನಲವತ್ತು ಕಾರ್ಡುಗಳಲ್ಲಿ. ಅಣ್ಣನ ಸುದ್ದಿಯ ನಿಮ್ಮ ಕಾಗದ ಬಂದ ದಿನದ ನಲವತ್ತು. ಪಾನಿ ಯಾನಿನಾ ಎಲ್ಲವನ್ನೂ ಮೇಜಿನ ಮೇಲೆ ಹಾಕಿ, “ನೀನು ನಲವತ್ತು ಮನೆಗಳನ್ನು ಅವರ ಹಳ್ಳಿಯಿಂದ ಎಬ್ಬಿಸಿದ್ದೀಯ. ಅದನ್ನು ಒಬ್ಬರು ಮೊದಲೇ ಮಾಡಿದ್ದಾರೆ,” ಅಂದರು. ಎಲ್ಲ ಮತ್ತೆ ಬರೆದೆ.

ಅವರ ಅಪ್ಪನೂ ನಿಮ್ಮಂತೆ ಹಳ್ಳಿಯ ಗೌಡ. ‘ಸೋವ್ತಿಸ್’ ಅನ್ನುತ್ತಾರೆ. ಆದರೆ ವಂಶದಿಂದ ಬರುವುದಿಲ್ಲ, ಹಳ್ಳಿಯವರೇ ಆರಿಸುತ್ತಾರೆ. ಇದನ್ನು ಓದಿ ನೀವು ಮೂಗು ಮುರಿಯುತ್ತೀರೆಂದು ಗೊತ್ತು.

ಅಣ್ಣನ ಜಾಗ ವಿಚಾರಿಸುತ್ತೇನೆ. ಅರಭಾವಿಯ ಹಣಮಂತ ಫೌಜಿನಲ್ಲಿ ಅಣ್ಣನ ಜೊತೆಯೇ ಲಾರಿ ಓಡಿಸುತ್ತಿದ್ದನಲ್ಲ, ಕೈಬೆರಳು ಹೋಗಿ ಅವನನ್ನು ಮನೆಗೆ ಕಳಿಸಿದ್ದಾರಂತೆ. ಅವನಿಗೆ ಕಾರ್ಡು ಹಾಕಿದ್ದೇನೆ.

ಅಣ್ಣಪ್ಪ


ಕುಲಗೋಡ
೯ ಫೆಬ್ರುವರಿ ೧೯೪೫

ಮೈದುನ ಅಣ್ಣಪ್ಪನವರಿಗೆ ವೈನಿ ಬಾಳವ್ವ ಮಾಡುವ ಶರಣು.

ನಾ ಮೂರನೇ ಇಯತ್ತೆ ಕಲತಾಕಿ, ಮಾತಾಡಿದಂಗ ಬರ್ಯಾಕತ್ತೇನಿ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ. ಮಾವಗ ಹೇಳಬ್ಯಾಡ್ರಿ.

ಮೊನ್ನಿ ಬಳಿ ಮಾರಾಕ ಅಲ್ಲವ್ವ ಬಂದಿದ್ಲು. ಓಣ್ಯಾಗಿನ ಹೆಣಮಕ್ಕಳೆಲ್ಲಾ ಕೈ ಚಾಚಿ ಕುಂತ್ರು. ನಾನೂ ಹೋದೆ. ಅಲ್ಲವ್ವ ನನ್ನ ಕೈ ಹಿಡದ್ಲು, ಮತ್ತ ಬಿಟ್ಲು. ಅತ್ತಿ ಮಾರಿ ನೋಡಿದ್ಲು. ಅತ್ತಿ ಆ ಕಡೆ ಮಾರಿ ಮಾಡಿದ್ರು. ಇಡಸ್ಕೋ ಅಂತ ಯಾರೂ ಅನ್ಲಿಲ್ಲ, ಬ್ಯಾಡ ಅಂತನೂ ಅನ್ಲಿಲ್ಲ. ಅಲ್ಲವ್ವ ಬಳಿ ಮಲಾರ ಕಟಗೊಂಡು ಎದ್ದ ಹೋದ್ಲು. ನಾ ಹಂಗ ಕೈ ಚಾಚ್ಕೊಂಡ ಕುಂತಿದ್ದೆ.

ನಮ್ಮಣ್ಣ ಉಡಿಕಿ ಉಡಿಕಿ ಅಂತಾನ. ನನಗ ಸಂಕೇಶ್ವರದ ಮನಿ ಬೇಕಂತಲ್ಲ, ಅವರನ್ನ ನಾ ನೋಡೂ ಇಲ್ಲ. ನಿಮ್ಮಣ್ಣನ ಮ್ಯಾಲ ನನಗ ಜೀವ ಇತ್ತು, ಹೇಳಾಕ ನಾಚಿಕಿ ಇಲ್ಲ. ಬರ್ತಾರಂದ್ರ ಹತ್ತ ವರ್ಷ ಕುಂದರ್ತೇನಿ. ಬರೂದಿಲ್ಲಂದ್ರ ಅತ್ತು ಮುಗಸ್ತೇನಿ. ಎರಡೂ ಇಲ್ಲಂದ್ರ ನಾ ಏನ ಮಾಡ್ಲಿ? ಅಳೂದು ಬರವಲ್ದು. ರೊಟ್ಟಿ ಬಡಿತೇನಿ, ನೀರ ತರ್ತೇನಿ, ಮಕ್ಕೋತೇನಿ.

ಮಾವ ದಿನಾ ಬುಕ್ಕ ತಗದ ನೋಡ್ತಾರ, ಮುಚ್ತಾರ. ನೀವು ಕಲತವ್ರು. ನಾ ಏನು ಅಂತ ಹೇಳ್ರಿ.

ಬಾಳವ್ವ


ವಳಿವಡೆ
೨೫ ಮಾರ್ಚ್ ೧೯೪೫

ಅಪ್ಪನವರಿಗೆ ಶರಣು.

ಹಣಮಂತನ ಉತ್ತರ ಬಂದಿದೆ. ಅವನ ಮಾತನ್ನೇ ಇಳಿಸಿದ್ದೇನೆ: “ಹೊಳಿ ದಾಟೂ ಮುಂದ ಅಪ್ಪಣ್ಣನ ಲಾರಿ ನನ್ನ ಮುಂದ ಇತ್ತು. ಸಾನ್ ರೋಕ್ಕೊ ಅಂತ ಸಣ್ಣ ಊರು. ಗುಂಡ ಬಿದ್ದ ಮ್ಯಾಲ ಮುಂದ ಲಾರಿ ಇರ್ಲಿಲ್ಲ.”

ಆ ಊರು ಯಾವ ತಾಲೂಕಿನದೆಂದು ಹಣಮಂತನಿಗೆ ಗೊತ್ತಿಲ್ಲ. ಪಾನಿ ಯಾನಿನಾ ಹುಡುಕಿಕೊಟ್ಟರು. ಅವರ ತಮ್ಮನೂ ಅದೇ ಮೇ ತಿಂಗಳಲ್ಲಿ ಅದೇ ಸೀಮೆಯ ಒಂದು ಗುಡ್ಡದ ಮೇಲೆ ಸತ್ತ. ಅವನು ಕಳಿಸಿದ್ದ ನಕಾಶೆ ಅವರ ಪೆಟ್ಟಿಗೆಯಲ್ಲಿತ್ತು. ಇಬ್ಬರೂ ಬೆರಳಿಟ್ಟು ನೋಡಿದೆವು. ಗುಡ್ಡಕ್ಕೂ ಹೊಳೆಗೂ ನಡುವೆ ಕುಲಗೋಡದಿಂದ ಮೂಡಲಗಿಯಷ್ಟು ದಾರಿ. ನೀವು ಕೇಳಿದ್ದು ಇಗೋ:

ಊರು ಸಾನ್ ರೋಕ್ಕೊ. ತಾಲೂಕಿನ ಜಾಗದಲ್ಲಿ ಪಿನ್ಯಾತಾರೊ. ಜಿಲ್ಲೆ ಫ್ರೊಸಿನೋನೆ.

ಇನ್ನು ಬರೆಯಬಹುದಲ್ಲ?

ಇಲ್ಲಿ ಹೋದ ತಿಂಗಳಿನಿಂದ ಯಾರೂ ಸರಿಯಾಗಿ ಮಾತಾಡುತ್ತಿಲ್ಲ. ದೊಡ್ಡ ರಾಜ್ಯಗಳ ಮೂವರು ಕೂತು ಪೋಲೆಂಡಿನ ಹದ್ದನ್ನು ಪಡುವಣಕ್ಕೆ ಸರಿಸಿದ್ದಾರೆ. ಈ ಸಲ ನೀವು ತಿಳಿದ ಹದ್ದು. ಇಲ್ಲಿನ ಬಹಳ ಮಂದಿಯ ಹಳ್ಳಿಗಳು ಇನ್ನು ರಶಿಯಾದ ಪಾಲು. ಹಳ್ಳಿ ಅಲ್ಲೇ ಇದೆ, ಗ್ಮೀನಾ ಇಲ್ಲ, ಪೊವ್ಯಾತ್ ಇಲ್ಲ, ವೊಯೆವುದ್ಸ್ತ್ವೊ ಇಲ್ಲ. ಪಾನಿ ಯಾನಿನಾ ತಮ್ಮ ಕಾರ್ಡು ತೆಗೆಸಿ ನನ್ನ ಮುಂದಿಟ್ಟು, “ಈಗ ಏನು ಬರೆಯುತ್ತೀ?” ಎಂದು ಕೇಳಿದರು. ನೀವು ಹೇಳಿದ್ದು ಬರೆಯುತ್ತೇನೆ ಎಂದೆ. ಅವರು ನಾಲ್ಕೂ ಸಾಲನ್ನು ಮೊದಲಿನಂತೆಯೇ ಹೇಳಿದರು. ಲಿಪ್ನಿಕ ಎಂಬ ಹಳ್ಳಿಯಿಂದ ತಾರ್ನೋಪೋಲ್ ಜಿಲ್ಲೆಯವರೆಗೆ. ಮೊದಲು ಬರೆದಿದ್ದ ಸಾಲುಗಳ ಮೇಲೆಯೇ ಮತ್ತೆ ಮಸಿ ತಿದ್ದಿದೆ.

ಅವರ ಅಪ್ಪ, ಆ ಸೋವ್ತಿಸ್, ಹಳ್ಳಿಯ ಮನೆಗಳ ಪಟ್ಟಿಯನ್ನು ಬಹಳ ಅಚ್ಚುಕಟ್ಟಾಗಿ ಇಟ್ಟಿದ್ದನಂತೆ. ಮಂದಿಯನ್ನು ಎಬ್ಬಿಸಲು ಸಿಪಾಯಿಗಳು ಬಂದಾಗ ಅದೇ ಪಟ್ಟಿ ಹಿಡಿದು ಮನೆಯಿಂದ ಮನೆಗೆ ಹೋದರಂತೆ. ಮುದುಕ ರೈಲಿನಲ್ಲಿ ಸತ್ತ. ಯಾವ ಊರಿನ ಹದ್ದಿನಲ್ಲೆಂದು ಮಗಳಿಗೂ ಗೊತ್ತಿಲ್ಲ. ಯಾವ ಬುಕ್ಕಿನಲ್ಲೂ ಅವನಿಲ್ಲ.

ವೈನಿಯ ವಿಚಾರ ಮಾಡಿರಿ. ಅವರಿಗೆ ಇಪ್ಪತ್ತೊಂದು ವರ್ಷ.

ಅಣ್ಣಪ್ಪ


ಕುಲಗೋಡ
೧೮ ಏಪ್ರಿಲ್ ೧೯೪೫

ಚಿ. ಅಣ್ಣಪ್ಪನಿಗೆ ಆಶೀರ್ವಾದ.

ಊರು, ತಾಲೂಕು, ಜಿಲ್ಲೆ ಮೂರನ್ನೂ ಬೇರೆ ಕಾಗದದಲ್ಲಿ ಬರೆದು ಇಟ್ಟುಕೊಂಡಿದ್ದೇನೆ.

ಜಾಗ ಗೊತ್ತಾದ ಮೇಲೆ ಮುಂದಿನದು ಸರಳ. ಸತ್ತದ್ದು ಸಾನ್ ರೋಕ್ಕೊದ ಹದ್ದಿನಲ್ಲಿ. ಆದ್ದರಿಂದ ಆ ಊರಿನ ಗೌಡ ತನ್ನ ಬುಕ್ಕಿನಲ್ಲಿ ಬರೆದಿರಬೇಕು. ನೀನು ಆತನಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ನಕಲು ತರಿಸು. ಆ ನಕಲನ್ನೇ ಯಲ್ಲಪ್ಪನಿಗೆ ಕೊಟ್ಟರೆ ಆಯಿತು. ನನ್ನ ಬುಕ್ಕಿಗೆ ಸಂಬಂಧ ಬರುವುದಿಲ್ಲ.

ಆ ಬಾಯಿ ನಾಲ್ಕೂ ಸಾಲು ಹಾಗೇ ಬರೆಸಿದ್ದು ಸರಿ. ಮೇಲಿನವರು ಹದ್ದು ಸರಿಸಿದರೆಂದು ಕೆಳಗಿನವರು ತಾವು ಹುಟ್ಟಿದ ಊರು ಬದಲಿಸಿ ಹೇಳಬಾರದು. ಆಕೆಯ ಅಪ್ಪನ ಪಟ್ಟಿಯ ಮಾತು ಓದಿದೆ. ಅದನ್ನು ನೀನು ಬರೆಯಬೇಕಾದ ಕಾರಣವಿರಲಿಲ್ಲ.

ನಿನ್ನ ಅವ್ವ ಹೀಗೆ ಅನ್ನುತ್ತಾಳೆ, “ಬರದ್ರ ಸತ್ತ ಅಂತ ಆಕ್ಕೈತಿ. ಬರೀದಿದ್ರ ಏನ ಬಂದಾನೇನು?” ಹೆಂಗಸರಿಗೆ ಬುಕ್ಕಿನ ಕಾಯದೆ ತಿಳಿಯುವುದಿಲ್ಲ.

ಎಲ್ಲರೂ ಇದ್ದಂತೆ ಇದ್ದೇವೆ.

ವೀರಪ್ಪಗೌಡ


ವಳಿವಡೆ
೬ ಮೇ ೧೯೪೫

ಅಪ್ಪನವರಿಗೆ.

ಸಾನ್ ರೋಕ್ಕೊದಲ್ಲಿ ಗೌಡನಿಲ್ಲ, ಚಾವಡಿಯಿಲ್ಲ, ಒಂದು ಗೋಡೆಯೂ ನಿಂತಿಲ್ಲವಂತೆ. ಕಾಗದ ಯಾರಿಗೆ ಬರೆಯಲಿ?

ನೀವು ಕಾಯದೆ ಹಿಡಿದು ಕೂತದ್ದು ಯಾಕೆಂದು ನನಗೆ ಗೊತ್ತು. ಇಷ್ಟು ದಿನ ಬರೆಯಲಿಲ್ಲ, ಇವತ್ತು ಬರೆಯುತ್ತೇನೆ. ೧೯೪೨ರಲ್ಲಿ ಫೌಜಿನ ಭರತಿಯ ಸಾಹೇಬರು ಚಾವಡಿಗೆ ಬಂದು ಐದು ಹೆಸರು ಕೇಳಿದಾಗ ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ. ನೀವು ಮೊದಲನೆಯ ಹೆಸರು ಅಪ್ಪಣ್ಣ ಎಂದು ಬರೆದಿರಿ, ಬೇರೆಯವರ ಮಕ್ಕಳನ್ನು ಕಳಿಸುವ ಗೌಡ ತನ್ನ ಮಗನನ್ನು ಉಳಿಸಿಕೊಂಡ ಎನ್ನಿಸಿಕೊಳ್ಳಬಾರದೆಂದು. ಅಣ್ಣನನ್ನು ಕೇಳಲಿಲ್ಲ. ಅವನು ಗೋಕಾಕ ಪೇಟೆಯಿಂದ ಲಾರಿ ತಂದು ನಿಲ್ಲಿಸಿದಾಗ ಪಟ್ಟಿಯ ಮಸಿ ಆರಿತ್ತು. ಅವನು ನಿಮಗೆ ಎದುರು ಹೇಳುವವನಲ್ಲ. ಹೋದ.

ಒಂದು ಪಟ್ಟಿಯಲ್ಲಿ ಬರೆದ ಹೆಸರನ್ನು ಇನ್ನೊಂದರಲ್ಲಿ ಬರೆಯಲು ನಿಮಗೆ ಆಗುತ್ತಿಲ್ಲ. ಕಾಯದೆಯ ಹೆಸರು ಯಾಕೆ ಹೇಳುತ್ತೀರಿ? ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅದಕ್ಕೇ ಊರು ಬಿಟ್ಟೆ. ಈ ಸಿಟ್ಟನ್ನು ಇಟ್ಟುಕೊಂಡು ನಾನು ಇರಬಲ್ಲೆ. ವೈನಿ ಹೇಗೆ ಇರಬೇಕು?

ಅಣ್ಣಪ್ಪ


ವಳಿವಡೆ
೨೨ ಜುಲೈ ೧೯೪೫

ಅಪ್ಪನವರಿಗೆ ಶರಣು.

ನನ್ನ ಮೇ ತಿಂಗಳ ಕಾಗದ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಬರೆದದ್ದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಅಷ್ಟು ಗಟ್ಟಿಯಾಗಿ ಬರೆಯಬಾರದಿತ್ತು.

ಪಾನಿ ಯಾನಿನಾ ಕಾರ್ಡಿನ ಕೆಲಸಕ್ಕೆ ಈಗ ಬರುತ್ತಿಲ್ಲ. ಅವರ ದೇಶದ ಸರಕಾರ ಯಾವುದೆಂದು ಅವರಿಗೇ ಗೊತ್ತಿಲ್ಲ. ಮನೆಯ ಮುಂದೆ ಟೊಮೇಟೊ ಗಿಡ ಹಚ್ಚಿದ್ದಾರೆ, ನೀರು ಹಾಕುತ್ತಾರೆ. “ನಿನ್ನ ಅಪ್ಪನ ಕಾಗದ ಬಂತೇ?” ಎಂದು ನನ್ನನ್ನು ಕಂಡಾಗಲೆಲ್ಲ ಕೇಳುತ್ತಾರೆ. ಇಲ್ಲ ಅನ್ನುತ್ತೇನೆ.

ಅಣ್ಣಪ್ಪ


ಕುಲಗೋಡ
೧೭ ಡಿಸೆಂಬರ್ ೧೯೪೫

ಚಿ. ಅಣ್ಣಪ್ಪನಿಗೆ ಆಶೀರ್ವಾದ.

ನಿನ್ನ ಎರಡೂ ಕಾಗದ ಮುಟ್ಟಿದ್ದವು. ಉತ್ತರ ಬರೆಯಲು ಕೂತಾಗಲೆಲ್ಲ ಚಾವಡಿಯ ಕೆಲಸದ ಕಾಗದ ಬರೆದು ಏಳುತ್ತಿದ್ದೆ.

ನೀನು ಬರೆದದ್ದು ಖರೆ. ಅವನ ಹೆಸರು ಮೊದಲು ಬರೆದವನು ನಾನು. ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಸಾಹೇಬರು ಹೊಗಳಿದರು, ನನಗೆ ಸಂತೋಷವಾಯಿತು. ಇದನ್ನು ನಿನ್ನ ಅವ್ವನಿಗೂ ಹೇಳಿಲ್ಲ.

ಪಟ್ಟಿಯಲ್ಲಿದ್ದ ಐವರಲ್ಲಿ ನಾಲ್ವರು ಹೋದ ವಾರ ರಜೆಯ ಮೇಲೆ ಊರಿಗೆ ಬಂದರು. ಒಬ್ಬೊಬ್ಬರಾಗಿ ಚಾವಡಿಗೆ ಬಂದು ನಮಸ್ಕಾರ ಮಾಡಿದರು. ನಾಲ್ಕನೆಯವನು ಹೋದ ಮೇಲೂ ನಾನು ಬಾಗಿಲು ನೋಡುತ್ತ ಕೂತಿದ್ದೆ. ಉದ್ದಪ್ಪ ಮೂಲೆಯಲ್ಲಿದ್ದ. ಎದ್ದು ಬಂದು, “ಗೌಡ್ರ, ಒಂದ ಮಾತ ಹೇಳ್ತೇನ್ರಿ. ಸಿಟ್ಟಾಗಬ್ಯಾಡ್ರಿ,” ಅಂದ.

“ಜ್ವರದ ವರ್ಷ ಸತ್ತ ಆ ಹೆಣಮಗಳು ನಮ್ಮ ಹದ್ದಿನ್ಯಾಗ ಸತ್ತಿದ್ದಿಲ್ರಿ. ಕಲ್ಲಿನಾಚಿ ಹತ್ತ ಮಾರ ದೂರ ಬಿದ್ದಿದ್ಲು. ಮುಂಜಾನೆದ್ದ ಹೋಗಿ ನೋಡಿದೆ. ಅವ್ರೂ ಮಣ್ಣ ಕೊಡಂಗಿಲ್ಲ, ನಾವೂ ಕೊಡಂಗಿಲ್ಲ, ನಾಯಿ ತಿಂತಾವ ಅಂತ ರಟ್ಟಿ ಹಿಡದ ಎಳದು, ತಲಿ ಈಚಿ ಮಾಡಿ ಇಟ್ಟೆ. ಆಮ್ಯಾಲ ಬಂದು ನಿಮಗ ವರ್ದಿ ಕೊಟ್ಟೆ.”

“ಇಷ್ಟ ವರ್ಷ ಯಾಕ ಹೇಳ್ಲಿಲ್ಲ?” ಎಂದು ಕೇಳಿದೆ.

“ತಲಿ ಯಾವ ಕಡೆ ಐತಿ ಅಂತ ಕೇಳಿದ್ರಿ, ಹೇಳಿದೆ. ಯಾರ ಎಳದ್ರು ಅಂತ ನೀವು ಕೇಳ್ಲಿಲ್ರಿ.”

ನಾನು ಬುಕ್ಕಿನ ಆ ಪುಟ ತೆಗೆದೆ. ಇಪ್ಪತ್ತೇಳು ವರ್ಷ ಬಂದವರಿಗೆಲ್ಲ ತೋರಿಸಿದ ಪುಟ. ನನ್ನ ಕೈಯಿಂದಾದ ಮೊದಲ ನೋಂದೇ ಸುಳ್ಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಉದ್ದಪ್ಪ ನಿಂತೇ ಇದ್ದ. ಆ ಸುಳ್ಳಿನಿಂದ ಒಂದು ಹೆಣಕ್ಕೆ ಮಣ್ಣು ಸಿಕ್ಕಿತು. ಕಲ್ಲು ಇದ್ದಲ್ಲೇ ಇತ್ತು, ಅವನು ಹೆಣವನ್ನು ಎಳೆದುಕೊಂಡು ಬಂದಿದ್ದ. ಇಷ್ಟನ್ನೇ ನಾನು ಬಹಳ ಹೊತ್ತು ವಿಚಾರ ಮಾಡಿದೆ.

ಮರುದಿನ ಮುಂಜಾನೆ ಬುಕ್ಕನ್ನು ಮನೆಗೆ ತಂದೆ. ನಿನ್ನ ಅವ್ವನನ್ನೂ ಬಾಳವ್ವನನ್ನೂ ಪಡಸಾಲೆಗೆ ಕರೆದು ಎದುರಿಗೆ ಕೂರಿಸಿ, ಬರೆದು, ಓದಿ ಹೇಳಿದೆ. ಬಾಳವ್ವ ಕೇಳುತ್ತ ಕೂತಳು. ಆಮೇಲೆ ಬಳೆಗಳನ್ನು ಒಡೆಯದೆ ಒಂದೊಂದಾಗಿ ಕಳಚಿ ನಿನ್ನ ಅವ್ವನ ಉಡಿಯಲ್ಲಿ ಹಾಕಿದಳು. ಹಾಕಿ ಅತ್ತಳು. ಇಬ್ಬರೂ ಅತ್ತರು. ಆ ಸಪ್ಪಳ ಮನೆಯಲ್ಲಿ ಬಹಳ ದಿನದಿಂದ ಬರಬೇಕಾಗಿತ್ತು. ನಾನು ತಡೆದಿದ್ದೆ. ನಿಮ್ಮೆಲ್ಲರಿಗೂ ನಾನು ಅನ್ಯಾಯ ಮಾಡಿದೆ.

ಗುರುವಾರ ಯಲ್ಲಪ್ಪ ಬಂದು ತಂಗಿಯನ್ನು ಕಣಗಲಾಕ್ಕೆ ಕರೆದುಕೊಂಡು ಹೋದ. ನಕಲು ಅವನ ಕೈಗೆ ಕೊಟ್ಟೆ. ಸಂಕೇಶ್ವರದ ಮಾತು ಅವಳಿಗೆ ಬಿಟ್ಟದ್ದು, ಅವಸರ ಮಾಡಬೇಡ ಎಂದು ಅವನಿಗೆ ಹೇಳಿದ್ದೇನೆ. ಗಾಡಿ ಹತ್ತುವಾಗ ಅವಳು ನನ್ನ ಕಾಲು ಮುಟ್ಟಿದಳು. ಬೇಡ ಅಂದೆ. ಮುಟ್ಟಿದಳು.

ಅದೇ ದಿನ ಗೌಡಕಿಗೆ ರಾಜೀನಾಮೆ ಬರೆದು ಗೋಕಾಕಕ್ಕೆ ಕಳಿಸಿದೆ. ಗೊತ್ತಿದ್ದೂ ಸುಳ್ಳು ಬರೆದವನು ಬುಕ್ಕು ಹಿಡಿಯಬಾರದು. ಕಾರಣ ಬರೆದಿಲ್ಲ. ನೀನು ಗೌಡಕಿಗೆ ಬರುತ್ತೀಯೋ ಇಲ್ಲವೋ ನಾನು ಕೇಳುವುದಿಲ್ಲ. ಮನೆಗೆ ಬಾ ಎಂದು ಮಾತ್ರ ಕೇಳುತ್ತೇನೆ. ಆ ಬಾಯಿ ಕೇಳಿದರೆ ನನ್ನ ಕಾಗದ ಬಂತೆಂದು ಹೇಳು. ಆಕೆಯ ಅಪ್ಪನ ಹೆಸರು, ಹಳ್ಳಿ ಎರಡನ್ನೂ ಬರೆದು ಕಳಿಸು. ಬುಕ್ಕು ಇನ್ನೂ ಹದಿನೈದು ದಿನ ನನ್ನ ಹತ್ತಿರ ಇರುತ್ತದೆ.

ನಿನಗೂ ಒಂದು ನಕಲು ಇಟ್ಟಿದ್ದೇನೆ.

ನಿನ್ನ ಅಪ್ಪ
ವೀರಪ್ಪ


ನಕಲು
ಹುಟ್ಟು-ಸಾವಿನ ಬುಕ್ಕು, ಮೌಜೆ ಕುಲಗೋಡ, ತಾಲೂಕು ಗೋಕಾಕ, ಜಿಲ್ಲೆ ಬೆಳಗಾವಿ

ಸತ್ತವರ ಹೆಸರು: ಅಪ್ಪಣ್ಣ ವೀರಪ್ಪಗೌಡ ಪಾಟೀಲ
ವಯಸ್ಸು: ೨೬
ಸತ್ತ ತಾರೀಕು: ೧೩ ಮೇ ೧೯೪೪. ತಡವಾಗಿ ಬರೆದದ್ದು.
ಕಾರಣ: ಜ್ವರ
ಸತ್ತ ಜಾಗ: ಕುಲಗೋಡ. ಹದ್ದಿನ ಕಲ್ಲಿನ ಒಳಗೆ, ತನ್ನ ಮನೆಯಲ್ಲಿ.
ವರ್ದಿ ಕೊಟ್ಟವರು: ತಂದೆ

ಖರೆ ನಕಲು.
ವೀರಪ್ಪಗೌಡ ಪಾಟೀಲ